121 ಬಾರಿ ಸೋತ ತಂಡದ ಲೆಕ್ಕಪುಸ್ತಕ

2024ರ ಜುಲೈ ತಿಂಗಳಲ್ಲಿ ನಮ್ಮ ಮನೆಗೆ ದಿನವೂ ಎರಡು ಕೆಟ್ಟ ಸುದ್ದಿಗಳು ಬರುತ್ತಿದ್ದವು. ಒಂದು ತೋಟದಿಂದ: ರಾತ್ರಿಯ ಮಳೆಗೆ ಎಷ್ಟು ಎಳೆಯ ಅಡಿಕೆ ಉದುರಿದೆ ಎಂಬುದು. ಇನ್ನೊಂದು ಷಿಕಾಗೋದಿಂದ. ನನ್ನ ಅಕ್ಕನ ಮಗ ಆ ಊರಿನ ದಕ್ಷಿಣ ಭಾಗದಲ್ಲಿದ್ದಾನೆ, ಆ ಕಡೆಯವರ ಬೇಸ್‌ಬಾಲ್ ತಂಡ ವೈಟ್ ಸಾಕ್ಸ್. ಅಲ್ಲಿ ಸಂಜೆ ಏಳು ದಾಟಿ ಶುರುವಾಗುವ ಪಂದ್ಯ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ತಿಂಡಿಗೆ ಕೂರುವ ಹೊತ್ತಿಗೆ ಮುಗಿದಿರುತ್ತದೆ. ಫೋನು ಬರುತ್ತಿತ್ತು. "ಮಾವ, ಇವತ್ತೂ ಹೋಯಿತು."

ಜುಲೈ 10ರಿಂದ ಆಗಸ್ಟ್ 5ರವರೆಗೆ ಆ ತಂಡ ಸತತವಾಗಿ 21 ಪಂದ್ಯ ಸೋತಿತು. ಋತುವಿನ ಕೊನೆಗೆ 162 ಪಂದ್ಯಗಳಲ್ಲಿ 41 ಗೆಲುವು, 121 ಸೋಲು. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ 120 ಸೋಲು ಕಂಡಿತ್ತು. ಇಪ್ಪತ್ತನೆಯ ಶತಮಾನದಿಂದ ಈಚೆಗೆ ಅದನ್ನು ಮೀರಿದವರು ಯಾರೂ ಇರಲಿಲ್ಲ. ನನ್ನ ಅಳಿಯರಾಯ ಒಂದು ದಿನ ಬ್ಯಾಟರ್‌ಗಳನ್ನು ಬೈಯುತ್ತಿದ್ದ, ಮರುದಿನ ಚೆಂಡು ಎಸೆಯುವ ಪಿಚರ್‌ಗಳನ್ನು, ಮೂರನೆಯ ದಿನ ಮ್ಯಾನೇಜರ್‌ನನ್ನು. ಆಗಸ್ಟ್ 8ರಂದು ಮ್ಯಾನೇಜರ್ ಪೆಡ್ರೋ ಗ್ರಿಫೋಲ್ ಅವರನ್ನು ಕಳಿಸಿಯೂ ಆಯಿತು, ಸೋಲು ಮಾತ್ರ ನಿಲ್ಲಲಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು ನಾನು. ಬೈಗುಳ ಕೇಳಿ ಕೇಳಿ ಸಾಕಾಗಿ, "ಅಂಕಿಅಂಶದ ಪುಟ ಕಳಿಸು, ನೋಡೋಣ" ಎಂದೆ. ಕರೆಂಟ್ ಇಲ್ಲದ ಮಳೆಗಾಲದ ಸಂಜೆಗಳಲ್ಲಿ ಆ ಪುಟಗಳನ್ನು ಓದಲು ಕಲಿತೆ. ಕಲಿತದ್ದು ಇಲ್ಲಿದೆ.

ಕ್ರಿಕೆಟ್ ಗೊತ್ತಿರುವವರಿಗೆ ಆಟವನ್ನು ವಿವರಿಸಲು ಹೆಚ್ಚು ಹೊತ್ತು ಬೇಡ. ಒಂದು ತಂಡಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ಗೆ ಮೂರು ಔಟ್. ಒಟ್ಟು 27 ಔಟ್ ಆಗುವುದರೊಳಗೆ ಎಷ್ಟು ಮಂದಿ ಮೈದಾನದ ಮೂರು ನಿಲುಗಡೆಗಳನ್ನು, ಅಂದರೆ ಬೇಸ್‌ಗಳನ್ನು ದಾಟಿ, ಹೊರಟ ಜಾಗಕ್ಕೇ ಮರಳುತ್ತಾರೋ ಅಷ್ಟು ರನ್. ಓವರ್‌ಗಳ ಮಿತಿಯಿಲ್ಲ. ತಂಡದ ಕೈಯಲ್ಲಿರುವ ಬಂಡವಾಳವೆಲ್ಲ ಆ 27 ಔಟ್‌ಗಳೇ. ಇದೊಂದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸಲೀಸು.

ಸೋಲುವ ತಂಡದ ಪುಟ ತೆರೆದಾಗ ಮೊದಲು ಆಟಗಾರರ ಹೆಸರು ನೋಡಬಾರದು. ಎರಡೇ ಸಂಖ್ಯೆ ನೋಡಬೇಕು: ಗಳಿಸಿದ ರನ್ ಎಷ್ಟು, ಬಿಟ್ಟುಕೊಟ್ಟ ರನ್ ಎಷ್ಟು. ಆ ವರ್ಷ ವೈಟ್ ಸಾಕ್ಸ್ ಗಳಿಸಿದ್ದು 507, ಕೊಟ್ಟದ್ದು 813. ವ್ಯತ್ಯಾಸ 306. ಆದರೆ ಈ 306ರ ಹೊಣೆ ಯಾರದು? ಅದಕ್ಕೆ ಮೂರನೆಯ ಸಂಖ್ಯೆಯೊಂದು ಬೇಕು. ಆ ವರ್ಷ ಮೇಜರ್ ಲೀಗ್‌ನ, ಅಂದರೆ ಅಲ್ಲಿನ ಅತಿ ಮೇಲಿನ ಬೇಸ್‌ಬಾಲ್ ಲೀಗ್‌ನ, 30 ತಂಡಗಳ ಸರಾಸರಿ ಗಳಿಕೆ ಸುಮಾರು 711 ರನ್. ಈಗ ಕಳೆಯಿರಿ. ಗಳಿಕೆಯಲ್ಲಿ ಕೊರತೆ 204, ಕೊಟ್ಟದ್ದರಲ್ಲಿ ಹೆಚ್ಚಳ 102. ಮೂರರಲ್ಲಿ ಎರಡು ಪಾಲು ಪಾಪ ಬ್ಯಾಟಿನದು, ಒಂದು ಪಾಲು ಚೆಂಡು ಎಸೆದವರದು ಮತ್ತು ಹಿಡಿದವರದು. ಒಂದು ತಿಂಗಳ ಬೈಗುಳದಲ್ಲಿ ಅಳಿಯನಿಗೆ ಸಿಗದಿದ್ದ ಉತ್ತರ ಎರಡು ಕಳೆಯುವ ಲೆಕ್ಕದಲ್ಲಿ ಸಿಕ್ಕಿತು.

ಮುಂದಿನ ಪ್ರಶ್ನೆ ಅದೃಷ್ಟದ್ದು. ಕಾನ್ಸಾಸ್ ರಾಜ್ಯದ ಡಬ್ಬಿ ಆಹಾರದ ಕಾರ್ಖಾನೆಯೊಂದರಲ್ಲಿ ರಾತ್ರಿ ಕಾವಲು ಕಾಯುತ್ತಿದ್ದ ಬಿಲ್ ಜೇಮ್ಸ್ ಎಂಬವರು ಬೇಸ್‌ಬಾಲ್ ಲೆಕ್ಕಾಚಾರಕ್ಕೆ ಹೊಸ ದಾರಿ ತೋರಿದವರು. ಅವರದೊಂದು ಸರಳ ಸೂತ್ರವಿದೆ. ಗಳಿಸಿದ ರನ್‌ನ ವರ್ಗವನ್ನು, ಗಳಿಸಿದ ಮತ್ತು ಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸಿದರೆ, ಆ ತಂಡ ನೂರಕ್ಕೆ ಎಷ್ಟು ಪಂದ್ಯ ಗೆಲ್ಲಬೇಕಿತ್ತು ಎಂಬ ಅಂದಾಜು ಬರುತ್ತದೆ. ಪೈಥಾಗೊರಸ್‌ನ ಪ್ರಮೇಯವನ್ನು ನೆನಪಿಸುವುದರಿಂದ ಅದಕ್ಕೆ ಅವನದೇ ಹೆಸರು. ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿ ನೋಡಿದೆ. 507ರ ವರ್ಗ 2,57,049. 813ರ ವರ್ಗ 6,60,969. ಭಾಗಲಬ್ಧ 0.28. 162 ಪಂದ್ಯಗಳಿಗೆ 45 ಗೆಲುವು. ನಿಜವಾಗಿ ಗೆದ್ದದ್ದು 41. ಅಂದರೆ ನಾಲ್ಕು ಪಂದ್ಯಗಳಷ್ಟು ಗ್ರಹಚಾರ ಕೆಟ್ಟಿತ್ತು ಎನ್ನಬಹುದು. ಗ್ರಹಚಾರ ನೆಟ್ಟಗಿದ್ದಿದ್ದರೂ 117 ಸೋಲುಗಳಂತೂ ತಪ್ಪುತ್ತಿರಲಿಲ್ಲ.

ಈಗ ಬ್ಯಾಟಿಂಗ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಕ್ರಿಕೆಟ್ ನೋಡಿ ಬೆಳೆದವರು ಎಡವುವುದು ಇಲ್ಲಿಯೇ.

ಬೇಸ್‌ಬಾಲ್‌ನ ಬ್ಯಾಟಿಂಗ್ ಸರಾಸರಿ ನಮ್ಮ ಸರಾಸರಿಯಲ್ಲ. ಹೊಡೆದು ಸುರಕ್ಷಿತವಾಗಿ ಬೇಸ್ ತಲುಪಿದ ಸಲಗಳನ್ನು, ಅಂದರೆ ಹಿಟ್‌ಗಳನ್ನು, ಬ್ಯಾಟ್ ಬೀಸಿದ ಸರದಿಗಳಿಂದ ಭಾಗಿಸಿದರೆ ಬರುವ ಭಿನ್ನರಾಶಿ ಅದು. ವೈಟ್ ಸಾಕ್ಸ್‌ನದು 0.221. ಅದನ್ನು ಅವರು 'ಇನ್ನೂರ ಇಪ್ಪತ್ತೊಂದು' ಎಂದು ಓದುತ್ತಾರೆ. ದಶಾಂಶಕ್ಕೆ ಇಂಥ ಅಗೌರವವನ್ನು ಗಣಿತದ ಮೇಷ್ಟ್ರಾಗಿ ನಾನು ಇನ್ನೂ ಕ್ಷಮಿಸಿಲ್ಲ. ಲೀಗ್‌ನ ಸರಾಸರಿ 0.243. ಈ ಎರಡನ್ನಷ್ಟೇ ನೋಡಿದರೆ ಅಂತರ ದೊಡ್ಡದೆನಿಸುವುದಿಲ್ಲ. ಸಾವಿರ ಸಲಕ್ಕೆ 22 ಹಿಟ್ ಕಡಿಮೆ, ಅಷ್ಟೇ. ಅಷ್ಟಕ್ಕೇ 204 ರನ್ ಕೊರತೆಯೇ?

ಸರಾಸರಿ ಎರಡು ಸಂಗತಿಗಳನ್ನು ಮುಚ್ಚಿಡುತ್ತದೆ. ಮೊದಲನೆಯದು 'ವಾಕ್'. ಪಿಚರ್ ನಾಲ್ಕು ಬಾರಿ ಗೆರೆಯಿಂದಾಚೆ ಎಸೆದು, ಬ್ಯಾಟರ್ ಆಸೆಗೆ ಬೀಳದೆ ಸುಮ್ಮನೆ ನಿಂತರೆ ಅವನಿಗೆ ಮೊದಲ ಬೇಸ್ ಪುಕ್ಕಟೆ. ಹಳೆಯ ಲೆಕ್ಕದಲ್ಲಿ ಇದಕ್ಕೆ ಬೆಲೆಯೇ ಇಲ್ಲ, ಆ ಸರದಿಯೇ ನಡೆದಿಲ್ಲವೆಂಬಂತೆ ಬಿಟ್ಟುಬಿಡುತ್ತಾರೆ. ಇದರ ಹಿಂದೆ ನಮಗೆ ಪರಿಚಿತವಾದ ನೆರಳೊಂದಿದೆ. ಬೇಸ್‌ಬಾಲ್‌ನ ಅಂಕಪಟ್ಟಿಯನ್ನು ರೂಪಿಸಿದ ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವರು. ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದರು. ವಾಕ್ ಎಂದರೆ ಪಿಚರ್‌ನ ತಪ್ಪು, ಬ್ಯಾಟರ್‌ನ ಸಾಧನೆಯಲ್ಲ ಎಂಬುದು ಆ ಕಾಲದ ನಂಬಿಕೆ, ವೈಡ್ ಬಾಲ್ ಬಗ್ಗೆ ನಾವು ಇಂದಿಗೂ ಯೋಚಿಸುವಂತೆಯೇ. 1887ರಲ್ಲಿ ಒಂದೇ ಒಂದು ವರ್ಷ ವಾಕ್‌ಗಳನ್ನೂ ಹಿಟ್ ಎಂದೇ ಎಣಿಸಿದರು. ಎಲ್ಲರ ಸರಾಸರಿಯೂ ಬಲೂನಿನಂತೆ ಉಬ್ಬಿದ್ದು ಕಂಡು ಕೈಬಿಟ್ಟರು.

ಆದರೆ 27 ಔಟ್‌ಗಳ ಬಂಡವಾಳವನ್ನು ನೆನೆದುಕೊಳ್ಳಿ. ಇಬ್ಬರು ಬ್ಯಾಟರ್‌ಗಳು ತಲಾ ನೂರು ಬಾರಿ ಬಂದರು ಎನ್ನೋಣ. ಮೊದಲನೆಯವನು ಸಿಕ್ಕ ಚೆಂಡಿಗೆಲ್ಲ ಬೀಸುವವನು: 27 ಹಿಟ್, 2 ವಾಕ್. ಎರಡನೆಯವನು ತಾಳ್ಮೆಯವನು: 21 ಹಿಟ್, 16 ವಾಕ್. ವಾಕ್ ಬಿಟ್ಟು ಭಾಗಿಸಿದರೆ ಮೊದಲನೆಯವನ ಸರಾಸರಿ 0.276, ಎರಡನೆಯವನದು 0.250. ಪತ್ರಿಕೆಯಲ್ಲಿ ಮೊದಲನೆಯವನೇ ಹೀರೋ. ಔಟ್‌ಗಳನ್ನು ಎಣಿಸಿ ನೋಡಿ. ಮೊದಲನೆಯವನು ತಂಡದ ಬಂಡವಾಳದಲ್ಲಿ 71 ಔಟ್‌ಗಳನ್ನು ತಿಂದಿದ್ದಾನೆ, ಎರಡನೆಯವನು 63. ಬೇಸ್ ತಲುಪಿದ ಪ್ರಮಾಣವನ್ನು ಹೇಳುವ ಸಂಖ್ಯೆಗೆ ಓಬಿಪಿ ಎಂದು ಹೆಸರು. ಅಧಿಕೃತ ಪಟ್ಟಿಗೆ ಅದು ಸೇರಿದ್ದು 1984ರಲ್ಲಿ. ಅಷ್ಟು ತಡವಾದದ್ದು ಅಚ್ಚರಿಯೇ.

ವೈಟ್ ಸಾಕ್ಸ್‌ನ ಓಬಿಪಿ 0.278, ಲೀಗ್‌ನದು 0.312. ಸರಾಸರಿಯಲ್ಲಿ 22 ಇದ್ದ ಅಂತರ ಇಲ್ಲಿ 34ಕ್ಕೆ ಹಿಗ್ಗಿತು. ಅಂದರೆ ಅವರು ಹೊಡೆಯುವುದರಲ್ಲಿ ಮಾತ್ರವಲ್ಲ, ಕಾಯುವುದರಲ್ಲಿಯೂ ಹಿಂದೆ. ಒಂದು ಪಂದ್ಯದಲ್ಲಿ ತಂಡಕ್ಕೆ ಸುಮಾರು 36 ಸರದಿಗಳು ಬರುತ್ತವೆ. ಲೆಕ್ಕ ಹಾಕಿದರೆ ಬೇರೆ ತಂಡಗಳಿಗಿಂತ ದಿನಕ್ಕೆ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಬೇಸ್ ತಲುಪದೆ ವಾಪಸ್ಸು. 162 ದಿನ ಹೀಗೆಯೇ.

ಸರಾಸರಿ ಮುಚ್ಚಿಡುವ ಎರಡನೆಯದನ್ನು ನಮ್ಮ ಕಡೆಯವರಿಗೆ ಶಿವಮೊಗ್ಗದ ಮಂಡಿಯಲ್ಲಿ ನಿಲ್ಲಿಸಿ ತೋರಿಸಬಹುದು. ಹತ್ತು ಕ್ವಿಂಟಲ್ ಅಡಿಕೆ ಒಯ್ದೆ ಎಂದರೆ ಯಾರೂ ನನ್ನ ಆದಾಯ ಊಹಿಸಲಾರರು. ಸರಕು ಎಷ್ಟು, ಬೆಟ್ಟೆ ಎಷ್ಟು, ರಾಶಿ ಇಡಿ ಎಷ್ಟು, ಗೊರಬಲು ಎಷ್ಟು ಎಂದು ಕೇಳುತ್ತಾರೆ. ದುಬಾರಿ ಸರಕು ಮತ್ತು ಅಗ್ಗದ ಗೊರಬಲನ್ನು ಒಂದೇ ಚೀಲಕ್ಕೆ ಸುರಿದು ತೂಗುವವನನ್ನು ಮಂಡಿಯಲ್ಲಿ ನೋಡಿ ನಗುತ್ತಾರೆ. ಬ್ಯಾಟಿಂಗ್ ಸರಾಸರಿ ಮಾಡುವುದು ನಿಖರವಾಗಿ ಇದನ್ನೇ. ಒಂದು ಬೇಸ್‌ನ ಸಿಂಗಲ್ಲೂ ಒಂದು ಹಿಟ್, ಗ್ಯಾಲರಿಗೆ ಬಿದ್ದ ಹೋಂ ರನ್ ಕೂಡ ಒಂದು ಹಿಟ್. ಸ್ಲಗಿಂಗ್ ಎಂಬ ಸಂಖ್ಯೆ ಮಂಡಿಯವರಂತೆ ವಿಂಗಡಿಸಿ ತೂಗುತ್ತದೆ: ಸಿಂಗಲ್‌ಗೆ 1, ಡಬಲ್‌ಗೆ 2, ಟ್ರಿಪಲ್‌ಗೆ 3, ಹೋಂ ರನ್‌ಗೆ 4. ನೂರು ಸಲದಲ್ಲಿ 25 ಸಿಂಗಲ್ ಹೊಡೆದವನ ಸ್ಲಗಿಂಗ್ 0.250. ಅದೇ 25ರಲ್ಲಿ 10 ಸಿಂಗಲ್, 8 ಡಬಲ್, 7 ಹೋಂ ರನ್ ಇದ್ದವನದು 0.540. ಇಬ್ಬರ ಸರಾಸರಿಯೂ 0.250 ಎಂದೇ ಅಚ್ಚಾಗುತ್ತದೆ.

ವೈಟ್ ಸಾಕ್ಸ್‌ನ ಸ್ಲಗಿಂಗ್ 0.340, ಲೀಗ್‌ನದು 0.399. ಹೋಂ ರನ್ 133, ಲೀಗ್‌ನ ತಂಡಗಳ ಸರಾಸರಿ 180ರ ಆಸುಪಾಸು. ಚೀಲದ ತೂಕವೂ ಕಡಿಮೆ, ಚೀಲದ ತುಂಬ ಗೊರಬಲು. ಈಗ 204 ರನ್‌ಗಳ ಕೊರತೆ ನಂಬುವಂತಾಯಿತು. ಹೆಚ್ಚಿನವರು ಸರಾಸರಿಯನ್ನೇ ನೋಡಿ 'ಇವರಿಗೆ ಹೊಡೆಯಲು ಬರುವುದಿಲ್ಲ' ಎಂದು ಸುಮ್ಮನಾಗುತ್ತಾರೆ. ನಿಜವಾದ ರೋಗ ಬೇಸ್ ಮೇಲೆ ಜನ ಇಲ್ಲದಿರುವುದು ಮತ್ತು ಇದ್ದವರನ್ನು ಮನೆಗೆ ಕರೆತರುವ ದೊಡ್ಡ ಹೊಡೆತ ಇಲ್ಲದಿರುವುದು. ಇವೆರಡು ಒಂದನ್ನೊಂದು ಗುಣಿಸುತ್ತವೆ, ಕೂಡುವುದಿಲ್ಲ. ಬೇಸ್ ಖಾಲಿಯಿದ್ದಾಗ ಬಿದ್ದ ಹೋಂ ರನ್ ಒಂದೇ ರನ್, ಮೂರೂ ಬೇಸ್ ತುಂಬಿದ್ದಾಗ ಅದೇ ಹೊಡೆತಕ್ಕೆ ನಾಲ್ಕು.

ಪಿಚಿಂಗ್ ಕಡೆಗೆ ಹೊರಳಿದರೆ ಇನ್ನೂ ದೊಡ್ಡ ಬಲೆಯಿದೆ. ಅಮೆರಿಕದವರು ಪ್ರತಿ ಪಂದ್ಯದ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೆ, ಸೋಲನ್ನು ಎದುರಾಳಿ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ನಮ್ಮಲ್ಲಿ ಯಾರಾದರೂ ಒಂದು ಟೆಸ್ಟ್‌ನ ಸೋಲನ್ನು ಒಬ್ಬ ಬೌಲರ್‌ನ ಖಾತೆಗೆ ಹಾಕಿದರೆ ಜಗಳವೇ ಆದೀತು. 2024ರಲ್ಲಿ ವೈಟ್ ಸಾಕ್ಸ್‌ನ ಎಡಗೈ ಪಿಚರ್ ಗ್ಯಾರೆಟ್ ಕ್ರೋಶೆಯ ಲೆಕ್ಕ 6 ಗೆಲುವು, 12 ಸೋಲು. ಫೋನಿನಲ್ಲಿ ಅಳಿಯನ ಮಾತು: "ಅವನೂ ಅಷ್ಟೇ ಮಾವ, ಗೆದ್ದದ್ದರ ಎರಡರಷ್ಟು ಸೋತಿದ್ದಾನೆ."

ಕ್ರೋಶೆಯ ಉಳಿದ ಅಂಕಣಗಳನ್ನು ನೋಡೋಣ. 146 ಇನಿಂಗ್ಸ್, 209 ಸ್ಟ್ರೈಕ್‌ಔಟ್, ಅಂದರೆ ಚೆಂಡು ಹೊಡೆಯಲಾಗದೆಯೇ ಔಟಾದ ಬ್ಯಾಟರ್‌ಗಳು. ಒಂಬತ್ತು ಇನಿಂಗ್ಸ್‌ಗೆ ಹೆಚ್ಚುಕಡಿಮೆ 13 ಮಂದಿಯನ್ನು, ಅಂದರೆ 27 ಔಟ್‌ಗಳಲ್ಲಿ ಸುಮಾರು ಅರ್ಧವನ್ನು, ಫೀಲ್ಡರ್‌ಗಳ ಹಂಗಿಲ್ಲದೆ ತಾನೇ ಕೆಡವಿದ್ದಾನೆ. ಒಂಬತ್ತು ಇನಿಂಗ್ಸ್‌ಗೆ ಎಷ್ಟು ರನ್ ಕೊಟ್ಟ ಎಂದು ಹೇಳುವ ಈಆರ್‌ಎ 3.58, ಲೀಗ್‌ನ ಸರಾಸರಿ 4.08ಕ್ಕಿಂತ ಚೆನ್ನಾಗಿಯೇ ಇದೆ. ಹಾಗಿದ್ದೂ 12 ಸೋಲು ಏಕೆ? ಪಂದ್ಯಕ್ಕೆ ಸರಾಸರಿ ಮೂರೇ ರನ್ ಗಳಿಸುವ ತಂಡದಲ್ಲಿ ಆಡಿದ್ದರಿಂದ. ಕಷ್ಟಪಟ್ಟು ಬೆಳೆದವನ ಫಸಲಿಗೆ ಪಕ್ಕದ ತೋಟದವನ ಸಾಲ ಸೇರಿಸಿ ಬರೆದ ಹಾಗೆ.

ಈಆರ್‌ಎ ಕೂಡ ಪೂರ್ತಿ ಪಿಚರ್‌ನದಲ್ಲ. ಫೀಲ್ಡರ್ ಕೈಚೆಲ್ಲಿದ್ದರಿಂದ ಬಂದ ರನ್‌ಗಳನ್ನು ಅದು ಕಳೆಯುತ್ತದೆ, ನಿಜ. ಆದರೆ ನಿಧಾನವಾಗಿ ಓಡಿ ಚೆಂಡಿನ ಬಳಿಗೆ ತಲುಪಲೇ ಇಲ್ಲದ ಫೀಲ್ಡರ್‌ನ ತಪ್ಪು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ಮುಟ್ಟದ ಚೆಂಡನ್ನು ಬಿಟ್ಟನೆಂದು ಬರೆಯುವುದು ಹೇಗೆ? ಅದು ಹಿಟ್ ಎಂದಾಗಿ ಪಿಚರ್‌ನ ತಲೆಗೆ ಬರುತ್ತದೆ. ಸುಮಾರು 25 ವರ್ಷಗಳ ಹಿಂದೆ ವೊರೋಸ್ ಮ್ಯಾಕ್ರಾಕನ್ ಎಂಬವರು ಒಂದು ವಿಚಿತ್ರ ಸಂಗತಿ ಮುಂದಿಟ್ಟರು. ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುವ ಪ್ರಮಾಣ ಹತ್ತಕ್ಕೆ ಮೂರರ ಸುತ್ತಮುತ್ತ. ಒಬ್ಬ ಪಿಚರ್‌ಗೆ ಈ ವರ್ಷ ಕಡಿಮೆ ಇದ್ದರೆ ಮುಂದಿನ ವರ್ಷ ಹೆಚ್ಚಿರಬಹುದು, ಅದರ ಮೇಲೆ ಅವನ ಹಿಡಿತ ಬಹಳ ಸ್ವಲ್ಪ. ಮೊದಲು ಕೇಳಿದವರು ನಂಬಲಿಲ್ಲ. ಆಮೇಲೆ ಕೆಲವು ತಿದ್ದುಪಡಿಗಳೊಂದಿಗೆ ಒಪ್ಪಿದರು.

ತೋಟದಲ್ಲಿ ಇದನ್ನು ನಾವು ಬಲ್ಲೆವು. ಕೊಳೆರೋಗಕ್ಕೆ ಅಡಿಕೆ ಉದುರಿದಾಗ ಔಷಧಿ ಹೊಡೆದವನನ್ನು ಎಳೆದು ತರುವ ಮೊದಲು ಕೇಳಬೇಕಾದದ್ದಿದೆ. ಮೈಲುತುತ್ತ, ಸುಣ್ಣದ ಹದ ಸರಿಯಿತ್ತೇ, ಎಲ್ಲ ಗೊನೆಗಳಿಗೂ ತಾಗಿತ್ತೇ ಎಂಬುದು ಅವನ ಕೈಯಲ್ಲಿತ್ತು. ಹೊಡೆದ ಮರುಗಳಿಗೆಯೇ ಮಳೆ ಸುರಿದದ್ದು ಅವನ ಕೈಯಲ್ಲಿ ಇರಲಿಲ್ಲ. ಎಫ್ಐಪಿ ಎಂಬ ಲೆಕ್ಕ ಹೀಗೆ ಮಳೆಯನ್ನು ಕಳೆದು ನೋಡುತ್ತದೆ. ಪಿಚರ್‌ನ ಕೈಯಲ್ಲಿರುವುದು ಸ್ಟ್ರೈಕ್‌ಔಟ್, ವಾಕ್, ಮೈಗೆ ತಾಗಿಸಿದ ಚೆಂಡು ಮತ್ತು ಹೋಂ ರನ್ ಮಾತ್ರ. ಹೋಂ ರನ್‌ಗಳನ್ನು 13ರಿಂದ, ವಾಕ್ ಮತ್ತು ಮೈಗೆ ತಾಗಿದವನ್ನು 3ರಿಂದ ಗುಣಿಸಿ ಕೂಡಿಸಬೇಕು. ಸ್ಟ್ರೈಕ್‌ಔಟ್‌ಗಳನ್ನು 2ರಿಂದ ಗುಣಿಸಿ ಅದರಿಂದ ಕಳೆಯಬೇಕು. ಬಂದದ್ದನ್ನು ಇನಿಂಗ್ಸ್‌ನಿಂದ ಭಾಗಿಸಿ, ಈಆರ್‌ಎ ಅಳತೆಗೆ ಹೊಂದಿಸಲು 3ರ ಸುತ್ತಮುತ್ತಲಿನ ಒಂದು ಸ್ಥಿರಾಂಕ ಸೇರಿಸಬೇಕು. ಕ್ರೋಶೆಗೆ ಹೀಗೆ ಮಾಡಿದರೆ ಉತ್ತರ ಸುಮಾರು 2.7. ಅಂದರೆ 3.58 ಎಂಬ ಸಂಖ್ಯೆಯಲ್ಲೂ ಬೇರೆಯವರ ಪಾಲಿತ್ತು.

ಇದು ಬರೀ ಕಾಗದದ ಮೇಲಿನ ಸಮಾಧಾನವೇ ಎಂದು ನನಗೂ ಅನುಮಾನವಿತ್ತು. ಆ ಡಿಸೆಂಬರ್‌ನಲ್ಲಿ ಅವನನ್ನು ಬಾಸ್ಟನ್‌ಗೆ ಕೊಟ್ಟರು. 2025ರಲ್ಲಿ ಅಲ್ಲಿ ಅವನ ಲೆಕ್ಕ 18 ಗೆಲುವು, 5 ಸೋಲು, 255 ಸ್ಟ್ರೈಕ್‌ಔಟ್, ಈಆರ್‌ಎ 2.59. ಗೆಲುವು-ಸೋಲಿನ ಅಂಕಣ ಇದನ್ನು ಕನಸಿನಲ್ಲೂ ಹೇಳಿರಲಿಲ್ಲ. ಎಫ್ಐಪಿ ಒಂದು ವರ್ಷ ಮೊದಲೇ ಹೇಳಿತ್ತು. ಎಲ್ಲರ ವಿಷಯದಲ್ಲೂ ಇಷ್ಟು ಚೊಕ್ಕವಾಗಿ ಹೊಂದುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ತಂಡವಾಗಿ ವೈಟ್ ಸಾಕ್ಸ್‌ನ ಈಆರ್‌ಎ 4.67. ಕೆಟ್ಟದ್ದೇ, ಆದರೆ ಲೀಗ್‌ನಲ್ಲಿ ಎಲ್ಲರಿಗಿಂತ ಕೆಟ್ಟದ್ದಲ್ಲ. ಕೊಲರಾಡೊ ರಾಕೀಸ್‌ನದು 5.47. ಹಾಗೆಂದು ಕೊಲರಾಡೊದವರೇ ಅತ್ಯಂತ ದಡ್ಡ ಪಿಚರ್‌ಗಳೇ? ನಮ್ಮ ಕೊಡಚಾದ್ರಿಯ ತುದಿ 1,343 ಮೀಟರ್. ಅವರು ಆಡುವ ಡೆನ್ವರ್ ನಗರವೇ 1,600 ಮೀಟರ್ ಎತ್ತರದಲ್ಲಿದೆ. ತೆಳು ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ, ಎಸೆದ ಚೆಂಡು ಹೆಚ್ಚು ತಿರುಗುವುದೂ ಇಲ್ಲ. ಆಗುಂಬೆಯ ಮಳೆಯನ್ನೂ ಚಿತ್ರದುರ್ಗದ ಮಳೆಯನ್ನೂ ಒಂದೇ ಮಾಪಕದಲ್ಲಿ ಅಳೆದು, ಈ ವರ್ಷ ಎಲ್ಲಿ ಬರ ಎಂದು ನಿರ್ಧರಿಸಲಾಗುವುದಿಲ್ಲ. ಆಯಾ ಊರಿನ ವಾಡಿಕೆ ಮಳೆಗೆ ಹೋಲಿಸಬೇಕು. ಹಾಗೆಯೇ ಮೈದಾನ ಮತ್ತು ಆ ವರ್ಷದ ಲೀಗ್ ಸರಾಸರಿಗೆ ಹೊಂದಿಸಿ, ವಾಡಿಕೆಯನ್ನು 100 ಎಂದಿಟ್ಟುಕೊಂಡು ಕೊಡುವ ಅಂಕಿಗಳಿವೆ. ಹೆಸರಿನ ಕೊನೆಯಲ್ಲಿ ಕೂಡುವ ಚಿಹ್ನೆ (+) ಕಂಡರೆ ಅವು ಎಂದು ತಿಳಿಯಬೇಕು. ಇದರ ಅಗತ್ಯ ನಮ್ಮ ಜಿಲ್ಲೆಯವರಿಗೆ ಬೇಗ ಅರ್ಥವಾಗಬೇಕು. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಔಟಾಗದೆ 97 ಹೊಡೆದರು. ತಂಡದ ಮೊತ್ತ 190. ಶತಕಗಳ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಆ ಪಿಚ್ ಮತ್ತು ವೇಗದ ಬೌಲರ್ ಆಂಡಿ ರಾಬರ್ಟ್ಸ್‌ನನ್ನು ಲೆಕ್ಕಕ್ಕೆ ಹಿಡಿದರೆ ಅದು ಎಷ್ಟಕ್ಕೆ ಸಮ ಎಂಬ ವಾದ ನಮ್ಮ ಕಟ್ಟೆಗಳಲ್ಲಿ ಇನ್ನೂ ಮುಗಿದಿಲ್ಲ.

ಕೊನೆಯದಾಗಿ, ಸಣ್ಣ ಲೆಕ್ಕದ ಮೋಸ. ಸೋಲುವ ತಂಡದ ಅಭಿಮಾನಿಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇದರಲ್ಲಿ. ಒಬ್ಬ ಬ್ಯಾಟರ್‌ಗೆ ವಾರಕ್ಕೆ ಸುಮಾರು 20 ಸರದಿ. ಅವನು ನಿಜವಾಗಿ 0.250 ಯೋಗ್ಯತೆಯವನು ಎನ್ನೋಣ. 20ರಲ್ಲಿ ಎರಡೋ ಅದಕ್ಕಿಂತ ಕಡಿಮೆಯೋ ಹಿಟ್ ಬರುವ ಸಂಭವ ನೂರಕ್ಕೆ 9. ಒಂಬತ್ತು ಬ್ಯಾಟರ್‌ಗಳ ತಂಡದಲ್ಲಿ ಹೆಚ್ಚುಕಡಿಮೆ ವಾರಕ್ಕೊಬ್ಬ, ಏನೂ ತಪ್ಪು ಮಾಡದೆ, 0.100 ಸರಾಸರಿಯ ಶತದಡ್ಡನಂತೆ ಕಾಣುತ್ತಾನೆ. ಅವನನ್ನು ಕಿತ್ತು ಬೇರೊಬ್ಬನನ್ನು ಹಾಕುತ್ತಾರೆ. ಮುಂದಿನ ವಾರ ಇನ್ನೊಬ್ಬನ ಸರದಿ.

21 ಸತತ ಸೋಲುಗಳ ಬಗ್ಗೆಯೂ ಹೀಗೆಯೇ ಲೆಕ್ಕ ಹಾಕಿದೆ. ಪ್ರತಿ ಪಂದ್ಯದಲ್ಲೂ ಸೋಲಿನ ಸಂಭವ ನೂರಕ್ಕೆ 75ರಷ್ಟಿರುವ ತಂಡ 162 ಪಂದ್ಯ ಆಡಿದರೆ, ನಡುವೆ ಎಲ್ಲಾದರೂ 21 ಸೋಲುಗಳ ಸರಪಳಿ ಬೀಳುವ ಸಂಭವ ನೂರಕ್ಕೆ ಎಂಟರ ಸುಮಾರು. ಅಪರೂಪ ಹೌದು, ಶಾಪವಲ್ಲ. ಆ ಇಪ್ಪತ್ತೇಳು ದಿನಗಳಲ್ಲಿ ತಂಡ ಹೊಸದಾಗಿ ಕೆಡಲಿಲ್ಲ. ಏಪ್ರಿಲ್‌ನಿಂದ ಹೇಗಿತ್ತೋ ಹಾಗೆಯೇ ಇತ್ತು, ನಾಣ್ಯ ಒಂದೇ ಕಡೆಗೆ ಬೀಳುತ್ತ ಹೋಯಿತು.

2025ರಲ್ಲಿ ವೈಟ್ ಸಾಕ್ಸ್ 60 ಗೆದ್ದು 102 ಸೋತರು. ಅಳಿಯನಿಗೆ ಅದೇ ದೀಪಾವಳಿ. ಆ ವರ್ಷದ ಏಪ್ರಿಲ್‌ನಲ್ಲೇ ಒಂದು ಬೆಳಿಗ್ಗೆ ಫೋನ್ ಮಾಡಿ, ಹೊಸ ಹುಡುಗನೊಬ್ಬ 0.118 ಆಡುತ್ತಿದ್ದಾನೆ, ಅವನನ್ನು ಇನ್ನೂ ಏಕೆ ಇಟ್ಟುಕೊಂಡಿದ್ದಾರೆ ಎಂದು ರೇಗಿದ್ದ.

"ಎಷ್ಟು ಸರದಿ ಆಡಿದ್ದಾನೆ?"

"ಹದಿನೇಳು, ಮಾವ."

ತೋಟಕ್ಕೆ ನೀರು ಬಿಡುವುದಿತ್ತು. ಜೂನ್‌ನಲ್ಲಿ ಫೋನ್ ಮಾಡು ಎಂದು ಹೇಳಿ ಇಟ್ಟೆ.